ಮಾಲ್ಟನ್ನಿನಲ್ಲಿ ಜೇಡದ ಬಾಣಂತನ

ಬಣ್ಣದ ಕುಂಚದ ತುದಿ ಹಿಂಗಾಲಿಗೆ ತಾಗುತ್ತದೆ. ಒಂದು ಕಾಲು ಮೇಲೆದ್ದು, ಗಾಳಿಯಲ್ಲಿ ನಿಂತು, ಏನನ್ನೋ ನೆನಪಿಸಿಕೊಂಡಂತೆ ಮತ್ತೆ ಇಳಿಯುತ್ತದೆ. ಇನ್ನೊಮ್ಮೆ ಕುಂಚ. ಈಗ ಎಂಟೂ ಕಾಲುಗಳು ಒಂದು ತೀರ್ಮಾನಕ್ಕೆ ಬಂದು ಪ್ಲಾಸ್ಟಿಕ್ ಬಟ್ಟಲಿನೊಳಕ್ಕೆ ನಡೆಯುತ್ತವೆ. ಮುಚ್ಚಳ ಬೀಳುತ್ತದೆ. ಅಷ್ಟು ಹೊತ್ತು ಹಿಡಿದಿದ್ದ ಉಸಿರನ್ನು ನೀಲಾಂಬಿಕಾ ಆಗ ಬಿಡುತ್ತಾರೆ. ಉಸಿರು ತಾಗಿದರೂ ಇವು ಓಡುತ್ತವೆ.

ಭಾನುವಾರ, ಇನ್ನೂ ಬೆಳಕು ಹರಿಯುತ್ತಿದೆ. ಬೇಸ್‌ಮೆಂಟಿನ ಕಿಟಕಿಯಲ್ಲಿ ಕಾಣುವುದು ಹುಲ್ಲಿನ ಬುಡ ಮಾತ್ರ. ಟೊರೊಂಟೊ ಅಂಚಿನ ಮಾಲ್ಟನ್ ಇದು. ಪಿಯರ್ಸನ್ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನವೊಂದು ಮನೆಯ ಮೇಲೆಯೇ ಹಾದುಹೋಗುತ್ತದೆ. ಒಲೆಯ ಪಕ್ಕದ ಲೋಟಗಳು ಸಣ್ಣಗೆ ನಡುಗುತ್ತವೆ. ಸದ್ದು ಪೂರ್ತಿ ಅಡಗುವವರೆಗೆ ನೀಲಾಂಬಿಕಾ ಮುಂದಿನ ಡಬ್ಬಿಗೆ ಕೈ ಹಾಕುವುದಿಲ್ಲ.

ಡಬ್ಬಿಗಳಲ್ಲಿರುವುದು ಟರಾಂಟುಲಾಗಳು. ಮೈತುಂಬ ರೋಮ, ಬೆಳೆದರೆ ಅಂಗೈ ತುಂಬುವಷ್ಟು ದೊಡ್ಡ ಜೇಡ. ಟೊರೊಂಟೊ ಸುತ್ತಮುತ್ತ ಇವನ್ನು ಮೀನು ಸಾಕಿದಂತೆ ಸಾಕುವವರಿದ್ದಾರೆ. ಕೆಲವು ತಿಂಗಳಿಗೊಮ್ಮೆ ದೊಡ್ಡ ಹಾಲ್‌ಗಳಲ್ಲಿ ಮೇಳ ನಡೆಯುತ್ತದೆ: ಹಾವು, ಹಲ್ಲಿ, ಆಮೆ, ಕಪ್ಪೆ, ಜೇಡ, ಸಾಲುಸಾಲು ಮೇಜುಗಳು. ಬೈಲಹೊಂಗಲದ ನೀಲಾಂಬಿಕಾ ಅಲ್ಲಿ ಮರಿಗಳನ್ನು ಮಾರುತ್ತಾರೆ. ತಾವೇ ಹುಟ್ಟಿಸಿದ ಮರಿಗಳು. ಇಷ್ಟು ವರ್ಷ ಬೇರೆಯವರ ಮೇಜಿನ ಮೂಲೆಯಲ್ಲಿ ಕೂತು ಮಾರಿದವರಿಗೆ, ಎಟೋಬಿಕೋಕ್‌ನ ಇಂದಿನ ಮೇಳದಲ್ಲಿ ಮೊದಲ ಬಾರಿ ಸ್ವಂತ ಹೆಸರಿನ ಇಡೀ ಮೇಜು ಸಿಕ್ಕಿದೆ.

ಮೇಜಿಗೊಂದು ನಿಯಮವಿದೆ. ಮಧ್ಯಾಹ್ನದ ನಂತರ ಆಯೋಜಕರು ಸಾಲುಗಳ ನಡುವೆ ನಡೆದು ಬರುತ್ತಾರೆ. ಮೇಜು ಬರಿದಾಗಿ ಕಂಡರೆ ಮುಂದಿನ ಮೇಳಕ್ಕೆ ಅದು ಕಾಯುತ್ತಿರುವ ಬೇರೆ ಯಾರಿಗೋ ಹೋಗುತ್ತದೆ. ಕಾಯುವವರು ಬಹಳ. ಇಂದು ನೀಲಾಂಬಿಕಾ ತುಂಬುತ್ತಿರುವ ಬಟ್ಟಲುಗಳು ಅರ್ಧ ಮೇಜಿಗೂ ಸಾಲವು. ಅದು ಅವರಿಗೆ ಗೊತ್ತು. ಆದರೂ ಒಂದೊಂದಕ್ಕೂ ಒದ್ದೆ ಹತ್ತಿ ಇಟ್ಟು, ಮುಚ್ಚಳದ ಮೇಲೆ ಹುಟ್ಟಿದ ತಿಂಗಳು, ತಾಯಿಯ ಹೆಸರು ಬರೆಯುತ್ತಿದ್ದಾರೆ. ತಾಯಂದಿರಿಗೆ ತವರಿನ ಓಣಿಯ ಹೆಂಗಸರ ಹೆಸರು. ಗಂಗವ್ವ, ಮಲ್ಲವ್ವ, ಬಸಲಿಂಗವ್ವ.

"ಊರಿನ ಗಂಗವ್ವಗ ಗೊತ್ತಾದ್ರ ನನ್ನ ಬಿಡಂಗಿಲ್ರಿ," ಎಂದು ನಗುತ್ತಾರೆ. "ಆದ್ರ ಆಕಿನೂ ಹಿಂಗ. ಮೂಲ್ಯಾಗ ಕುಂತ ಎಲ್ಲಾ ನೋಡ್ತಿರ್ತಾಳ, ಒಂದ ಮಾತ ಆಡಂಗಿಲ್ಲ."

ವಾರದ ಐದು ದಿನ ಅವರು ಪಕ್ಕದ ವಾನ್ ಪಟ್ಟಣದ ಗೋದಾಮೊಂದರಲ್ಲಿ ಕೆಲಸ ಮಾಡುತ್ತಾರೆ. ಸಾಕುಪ್ರಾಣಿಗಳ ಆಹಾರಕ್ಕೆಂದು ಜೀವಂತ ಚಿಮ್ಮಂಡೆ ಹುಳಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸ. ದಿನವಿಡೀ ಕಿರ್ರೆನ್ನುವ ಸದ್ದು ಕಿವಿಯಲ್ಲೇ ಕೂತು ಮನೆಗೂ ಬರುತ್ತದೆ. ಗಂಡ ಪ್ರವೀಣಕುಮಾರ ಟ್ರಕ್ ಓಡಿಸುತ್ತಾರೆ. ವಾರಗಟ್ಟಲೆ ಹೆದ್ದಾರಿಯಲ್ಲೇ ಇರುತ್ತಾರೆ. ಕೆನಡಾಕ್ಕೆ ಬಂದ ಮೊದಲ ಚಳಿಗಾಲಗಳಲ್ಲಿ ನೀಲಾಂಬಿಕಾ ಮಾಡದ ಶಿಫ್ಟಿಲ್ಲ. ಬಸ್ಸು ಬದಲಿಸುವ ನಿಲ್ದಾಣದಲ್ಲಿ ನಿಂತೇ ನಿದ್ದೆ ಮಾಡುವುದನ್ನು ಆಗಲೇ ಕಲಿತೆ ಎನ್ನುತ್ತಾರೆ.

ಮೊದಲ ಜೇಡ ಬಂದದ್ದೂ ಆ ಗೋದಾಮಿನಿಂದಲೇ. ಯಾರೋ ಸಾಕಲಾರದೆ ಪೆಟ್ಟಿಗೆಯಲ್ಲಿಟ್ಟು ಬಾಗಿಲಲ್ಲಿ ಬಿಟ್ಟುಹೋಗಿದ್ದ, ಚಿಲಿ ದೇಶದ ರೋಸ್ ಜಾತಿಯ ಹೆಣ್ಣು. ಫ್ರೀಜರಿಗೆ ಹಾಕಿ ಮುಗಿಸಿಬಿಡಿ ಎಂದು ಸೂಪರ್‌ವೈಸರ್ ಹೇಳಿದಾಗ ನೀಲಾಂಬಿಕಾ ಅದನ್ನು ಊಟದ ಡಬ್ಬಿಯಲ್ಲಿ ಮನೆಗೆ ತಂದರು. ಅದು ಹೆದರಿ ಕೂತಿದ್ದ ರೀತಿ ಪರಿಚಯದ್ದು ಅನ್ನಿಸಿತಂತೆ.

ತಿಂಗಳುಗಟ್ಟಲೆ ಅದು ಏನೂ ತಿನ್ನಲಿಲ್ಲ. ಈ ಜಾತಿಯ ಗುಣವೇ ಅದು. ಅತ್ತೆ ಈರವ್ವ ಮೊದಲು ಬಾಗಿಲಾಚೆಯಿಂದಲೇ ಶಾಪ ಹಾಕುತ್ತಿದ್ದವರು, ಈ ಉಪವಾಸ ನೋಡಿ ಮೆತ್ತಗಾದರು. ಶ್ರಾವಣ ಹಿಡಿದಿದ್ದಾಳೆ, ಒಳ್ಳೆ ಮನೆತನದಾಕೆ ಇರಬೇಕು ಎಂದರು. ದಿನಾ ನೀರು ಇಡುವ ಕೆಲಸ ಅವರೇ ವಹಿಸಿಕೊಂಡರು.

ಒಂದು ಮಧ್ಯಾಹ್ನ ಈರವ್ವ ನೋಡುತ್ತಾರೆ: ಜೇಡ ಅಂಗಾತ ಬಿದ್ದಿದೆ. ಕಾಲುಗಳು ಮೇಲೆ. ಮನೆಯಲ್ಲಿ ಯಾರೂ ಇಲ್ಲ. ಅದು ಸತ್ತಿರಲಿಲ್ಲ, ಟರಾಂಟುಲಾ ಪೊರೆ ಕಳಚುವಾಗ ಹೀಗೇ ಬೆನ್ನ ಮೇಲೆ ಮಲಗಿ ಗಂಟೆಗಟ್ಟಲೆ ಅಲುಗದೆ ಇರುತ್ತದೆ. ಆಗ ಮುಟ್ಟಬಾರದು. ಈರವ್ವನಿಗೆ ಅದೆಲ್ಲ ಯಾರು ಹೇಳಬೇಕು? ಅವರಿಗೆ ಗೊತ್ತಿದ್ದದ್ದು ಲಿಂಗಾಯತ ಮನೆಯ ಪದ್ಧತಿ. ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಅವರು ಚಮಚದಿಂದ ಜೇಡವನ್ನು ಮೆಲ್ಲಗೆ ಎತ್ತಿ, ಡಬ್ಬಿಯ ಗೋಡೆಗೆ ಒರಗಿಸಿ, ಎರಡು ಕಡೆ ಹತ್ತಿಯ ಆಸರೆ ಕೊಟ್ಟು ಕೂರಿಸಿದರು. ಮೇಲೆ ವಿಭೂತಿ ಹಚ್ಚಿದರು. ಸೊಸೆ ಶಿಫ್ಟು ಮುಗಿಸಿ ಬರುವ ಹೊತ್ತಿಗೆ ಊದುಬತ್ತಿ ಉರಿಯುತ್ತಿತ್ತು.

"ನಾ ಒಳಗ ಬಂದ್ರ, ಅತ್ತಿ ಕಣ್ಣಾಗ ನೀರ," ಎನ್ನುತ್ತಾರೆ ನೀಲಾಂಬಿಕಾ. "ಜೇಡಾ ನೋಡಿದ್ರ ಕಾಲ ಅಲ್ಲಾಡಸ್ತೈತಿ. ಅತ್ತಿ ಅಂದ್ರು, ಶಿವಾ, ಎದ್ದ ಬಂದ್ಳಲ್ಲೊ."

ಅದು ಬದುಕಿತು, ಒಂದು ಕಾಲು ಸೊಟ್ಟಗಾಗಿ. ಮುಂದಿನ ಚಳಿಗಾಲ ದಾಟಲಿಲ್ಲ. ಈರವ್ವ ತಾನೇ ಕೊಂದೆ ಎಂದು ಇಂದಿಗೂ ನಂಬಿದ್ದಾರೆ. ಈ ಕಥೆ ಹೇಳುವಾಗ ಮನೆಯವರು ನಗುವುದು ಊದುಬತ್ತಿಯವರೆಗೆ ಮಾತ್ರ.

"ಆಕಿಗೆ ಎಷ್ಟು ವಯಸ್ಸಾಗಿತ್ತು ಅಂತ ನನಗ ಗೊತ್ತಿರಲಿಲ್ರಿ. ಕಾಡಿನ್ಯಾಗ ಹಿಡದು ತಂದದ್ದು, ಹುಟ್ಟಿದ್ದು ಯಾವಾಗೋ ಏನೋ," ಎನ್ನುತ್ತಾರೆ ನೀಲಾಂಬಿಕಾ. "ಗೊತ್ತಿದ್ರ ಹೇಳಬಹುದಿತ್ತಲ್ರಿ, ಅತ್ತೀ, ಮುದುಕಿ ಆಗಿತ್ತು, ಅದಕ್ಕ ಹೋತು ಅಂತ. ಆ ಒಂದ ಮಾತ ನನ್ನ ಹಂತ್ಯಾಕ ಇರಲಿಲ್ಲ."

ಅವರ ಇಡೀ ಕಸುಬು ಆ ಇಲ್ಲದ ಮಾತಿನಿಂದ ಶುರುವಾಗಿದೆ. ಆಮೇಲೆ ಅವರು ಮೇಳಕ್ಕೆ ಹೋಗಿ ಕೊಂಡದ್ದು ಮೊಟ್ಟೆಯೊಡೆದ ದಿನ ಗೊತ್ತಿದ್ದ, ಉಗುರಿನಷ್ಟಿದ್ದ, ಅದೇ ರೋಸ್ ಜಾತಿಯ ಮರಿಯನ್ನು. ಅದೇ ಗಂಗವ್ವ. ಈ ಜಾತಿ ಬಲಿಯುವುದು ಬಹಳ ನಿಧಾನ. ಮಗಳು ದೀಪಶ್ರೀ ಹೈಸ್ಕೂಲು ಮುಗಿಸಿ ಯೂನಿವರ್ಸಿಟಿ ಸೇರುವ ಹೊತ್ತಿಗೆ ಗಂಗವ್ವ ಮದುವೆಗೆ ಬಂದಳು. ಗಂಡನ್ನು ಎರವಲು ತರುವುದು ಈ ವೃತ್ತಿಯ ರೂಢಿ. ಮರಿಗಳಲ್ಲಿ ಪಾಲು ಕೊಟ್ಟರಾಯಿತು. ಕೆಲಸ ಮುಗಿದ ಕೂಡಲೇ ಗಂಡನ್ನು ಎತ್ತದಿದ್ದರೆ ಹೆಣ್ಣು ತಿಂದೇಬಿಡಬಹುದು. "ಅಳಿಯಾನ್ನ ಲಗೂ ಕಳಸ್ರಿ, ನಾಳೆ ಅವರ ಮನ್ಯಾವ್ರಿಗೆ ಏನ್ ಹೇಳೂದು," ಎಂದು ಈರವ್ವ ಕಾವಲು ನಿಂತಿದ್ದರಂತೆ.

ಮನೆ ಬೆಚ್ಚಗಿಡುವ ಫರ್ನೇಸಿನ ಪಕ್ಕದ ಸಣ್ಣ ಕೋಣೆಗೆ ಈ ಮನೆಯಲ್ಲಿ ಬಾಣಂತಿ ಕೋಣೆ ಎಂದು ಹೆಸರು. ಬೆಚ್ಚಗೆ, ಕತ್ತಲು. ರೇಷ್ಮೆಯ ಚೀಲದಲ್ಲಿ ಮೊಟ್ಟೆ ಕಟ್ಟಿಕೊಂಡು ಕಾವು ಕೂತ ಜೇಡ ಅಲ್ಲಿರುವಾಗ ನೀಲಾಂಬಿಕಾ ಬಿಟ್ಟು ಯಾರೂ ಬಾಗಿಲು ತೆಗೆಯುವಂತಿಲ್ಲ. ನೆಲ ನಡುಗಿದರೆ ತಾಯಿ ಹೆದರಿ ಮೊಟ್ಟೆಯ ಚೀಲವನ್ನೇ ತಿಂದುಬಿಡುತ್ತದೆ. ತಲೆಯ ಮೇಲೆ ವಿಮಾನ ಹಾರುವ ಮಾಲ್ಟನ್ನಿನಲ್ಲಿ ಇದೇ ದೊಡ್ಡ ತೊಂದರೆ. ಸ್ಪಂಜು ಇಟ್ಟು ನೋಡಿದರು, ಥರ್ಮಾಕೋಲ್ ಇಟ್ಟು ನೋಡಿದರು. ಕೊನೆಗೆ ಈರವ್ವ ಹಳೆ ಸೀರೆಗಳಿಂದ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಯ ಕೆಳಗೆ ಹಾಸಿದಾಗ ಅದರೊಳಗಿನ ನೀರಿನ ಬಟ್ಟಲಿನ ಅಲೆ ನಿಂತಿತು. ಆ ವರ್ಷ ಗಂಗವ್ವನ ಮೊದಲ ಸಂಸಾರ ಹೊರಬಂತು.

ಆ ಮರಿಗಳು ಮೇಳದಲ್ಲಿ ಹೆಸರು ಮಾಡಿದವು. ಕೊಳ್ಳುವವರಿಗೆ ನೀಲಾಂಬಿಕಾ ತಾಯಿ ಯಾರು, ಯಾವ ತಿಂಗಳು, ಎಷ್ಟು ಸಲ ಪೊರೆ ಕಳಚಿದೆ ಎಲ್ಲ ಹೇಳಿಯೇ ಕೊಡುತ್ತಾರೆ. ಜೊತೆಗೆ ಫೋನ್ ನಂಬರು. ನನ್ನ ಜೇಡ ಸತ್ತುಬಿದ್ದಿದೆ ಎಂದು ಅಳುತ್ತ ಫೋನ್ ಮಾಡಿದವರಿಗೆ ಅವರ ಇಂಗ್ಲಿಷಿನಲ್ಲಿ ಸಿದ್ಧ ಉತ್ತರವಿದೆ: "ಡೋಂಟ್ ಟಚ್. ಶೀ ಈಸ್ ಚೇಂಜಿಂಗ್ ಹರ್ ಸಾರಿ." ಮೇಳದ ಗಿರಾಕಿಗಳಲ್ಲಿ ಈಗ ಇದೊಂದು ನುಡಿಗಟ್ಟಾಗಿದೆ.

ಇಂದಿನ ಮೇಜಿಗೆಂದು ಎಣಿಸಿದ್ದು ಗಂಗವ್ವನ ಎರಡನೇ ಸಂಸಾರವನ್ನು. ಅದು ಹುಟ್ಟಲಿಲ್ಲ. ಮೇಲಿನ ಮನೆಯ ಓನರ್, ವಯಸ್ಸಾದ ಸರ್ದಾರ್‌ಜಿ, ಅಡುಗೆಮನೆಯ ನೆಲ ಕೀಳಿಸಿದರು. ಡ್ರಿಲ್ಲಿನ ಮುಂದೆ ಕೌದಿ ಏನು ಮಾಡೀತು? ನೀಲಾಂಬಿಕಾ ಓಡಿಹೋಗಿ ಕೈಮುಗಿದ ಮೇಲೆ ಅವರು ಕೆಲಸ ನಿಲ್ಲಿಸಿದರು. ಸಂಜೆಯೊಳಗೆ ಚೀಲ ಇರಲಿಲ್ಲ.

"ಆಕಿದು ತಪ್ಪಲ್ರಿ," ಎನ್ನುತ್ತಾರೆ. "ಇಲ್ಲಿ ಮಕ್ಕಳು ಬದುಕಂಗಿಲ್ಲ ಅಂತ ಅನಿಸೈತಿ ಆಕಿಗೆ. ಇನ್ನೊಮ್ಮೆ ಕಟ್ತಾಳ. ಈಗ ಚಲೋ ಉಣ್ಣಾಕತ್ತಾಳ."

ಮಾರನೇ ವಾರ ಸರ್ದಾರ್‌ಜಿ ತಾವಾಗಿಯೇ ದಪ್ಪ ರಬ್ಬರಿನ ಹಾಸು ಹೊತ್ತು ಕೆಳಗಿಳಿದು ಬಂದರು. ಈಗ ಬಾಡಿಗೆ ಕೇಳಲು ಬಂದಾಗಲೂ ಮೊದಲ ಮಾತು, "ಬೇಟಿ, ಗಂಗಾ ಕೈಸಿ ಹೈ?"

ಎಟೋಬಿಕೋಕ್‌ನ ಹಾಲ್‌ನಲ್ಲಿ ಬಾಗಿಲು ತೆರೆದ ಕೂಡಲೇ ಜನ ನುಗ್ಗುತ್ತಾರೆ. ಕತ್ತಿನವರೆಗೆ ಹಚ್ಚೆ ಹಾಕಿಸಿಕೊಂಡ ದಾಂಡಿಗನೊಬ್ಬ ತನ್ನ ಉಚ್ಚಾರದಲ್ಲಿ ‘ಗ್ಯಾಂಗಾವಾ’ನ ಮಕ್ಕಳಿವೆಯೇ ಎಂದು ಕೇಳುತ್ತಾನೆ. ಎರಡು ಬಟ್ಟಲು ಉಳಿದಿವೆ, ಮೊದಲ ಸಂಸಾರದವು. ಅವನು ಒಂದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುತ್ತಾನೆ. ನರ್ಸ್ ಒಬ್ಬರು ಇನ್ನೊಂದನ್ನು ಒಯ್ಯುತ್ತಾರೆ. ಮೂರನೆಯವರಿಗೆ ಇಲ್ಲ, ಆಕೆ ಮುಂದಿನ ಸಂಸಾರದವರೆಗೆ, ಎಷ್ಟು ದಿನವಾದರೂ ಕಾಯುತ್ತೇನೆಂದು ಹೇಳಿ ಬರಿಗೈಯಲ್ಲಿ, ಆದರೆ ನಗುತ್ತ ಹೋಗುತ್ತಾರೆ. ಮರ ಹತ್ತುವ ಪಿಂಕ್ ಟೋ ಜಾತಿಯ ಮಲ್ಲವ್ವನ ಮರಿಗಳೂ ಒಂದೊಂದಾಗಿ ಹೋಗುತ್ತವೆ. ಮಾರಿದಷ್ಟೂ ಮೇಜು ಬರಿದಾಗುತ್ತದೆ. ದೀಪಶ್ರೀ ಉಳಿದ ಬಟ್ಟಲುಗಳನ್ನು ದೂರದೂರ ಸರಿಸಿ ಜಾಗ ತುಂಬಿಸಲು ನೋಡುತ್ತಾಳೆ.

ಪಕ್ಕದ ಮೇಜು ಮೈಸೂರಿನ ಮಧುಸೂದನ್‌ ಅವರದು. ವಾರವಿಡೀ ಸಾಫ್ಟ್‌ವೇರ್, ಭಾನುವಾರ ಹಾವು ಹಲ್ಲಿ ಜೇಡಗಳ ಆಮದು. ವರ್ಷಗಟ್ಟಲೆ ನೀಲಾಂಬಿಕಾಗೆ ತಮ್ಮ ಮೇಜಿನ ಮೂಲೆ ಬಿಟ್ಟುಕೊಟ್ಟವರು ಅವರೇ. ಆಯೋಜಕರು ಎರಡು ಸಾಲು ಆಚೆ ಕಾಣಿಸಿಕೊಂಡಾಗ ಅವರು ಮೇಜಿನ ಕೆಳಗಿನಿಂದ ಒಂದು ಪೆಟ್ಟಿಗೆ ಎಳೆದು ತರುತ್ತಾರೆ. ಒಳಗೆ ದೊಡ್ಡ ದೊಡ್ಡ ರೋಸ್ ಜೇಡಗಳು. ಕಾನೂನಿನ ಪ್ರಕಾರವೇ ತರಿಸಿದ್ದು, ಕಾಗದ ಪತ್ರ ಎಲ್ಲ ಸರಿಯಿದೆ.

"ಅಕ್ಕ, ಇವನ್ನ ಇಟ್ಕೊಳಿ. ದುಡ್ಡು ಯಾವಾಗಾದ್ರೂ ಕೊಡಿ, ಕೊಡ್ದೇನೂ ಇರಿ. ಮೇಜು ತುಂಬಿರ್ಲಿ ಅಷ್ಟೆ," ಎನ್ನುತ್ತಾರೆ. "ಇಷ್ಟು ದಿನ ಕಾದು ಸಿಕ್ಕಿರೋ ಜಾಗ. ಒಂದು ಕೆಟ್ಟ ಭಾನುವಾರಕ್ಕೆ ಕಳ್ಕೋಬೇಡಿ."

ಅವರ ದನಿಯಲ್ಲಿ ವ್ಯಾಪಾರವಿಲ್ಲ. ನೀಲಾಂಬಿಕಾ ಒಂದು ಡಬ್ಬಿಯ ಮುಚ್ಚಳ ಸರಿಸಿ ಬಗ್ಗಿ ನೋಡುತ್ತಾರೆ. ಚೆಂದದ ಹೆಣ್ಣು, ಬೆನ್ನಿನ ಮೇಲೆ ತಾಮ್ರದ ಹೊಳಪು. ಅವರ ಮುಖ ಒಂದು ಕ್ಷಣ ಅರಳುತ್ತದೆ.

"ಎಷ್ಟು ವರ್ಷದಾಕಿರೀ ಇಕಿ?"

"ಯಾರಿಗ್ ಗೊತ್ತು ಅಕ್ಕ. ಕಾಡಲ್ಲಿ ಹಿಡಿದಿದ್ದು. ಐದಿರ್ಬಹುದು, ಹದಿನೈದಿರ್ಬಹುದು. ಕೇಳೋರು ಯಾರು?"

ಆಯೋಜಕರು ಸಾಲಿನ ತಿರುವಿಗೆ ಬಂದಿದ್ದಾರೆ. ದೀಪಶ್ರೀ ತಾಯಿಯ ತೋಳು ಹಿಡಿದು, "ಮಮ್ಮಿ, ಪ್ಲೀಸ್, ಜಸ್ಟ್ ಟೇಕ್ ದೆಮ್," ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾಳೆ. ನೀಲಾಂಬಿಕಾ ಮುಚ್ಚಳವನ್ನು ಮೊದಲಿದ್ದಂತೆ ಹಾಕಿ, ನಾಲ್ಕೂ ಮೂಲೆ ಒತ್ತಿ, ಪೆಟ್ಟಿಗೆಯನ್ನು ಮಧುಸೂದನ್ ಕಡೆಗೆ ಮೆಲ್ಲಗೆ, ಒಳಗಿನವು ಅಲುಗದ ಹಾಗೆ ಸರಿಸುತ್ತಾರೆ.

"ಬ್ಯಾಡ್ರಿ," ಎನ್ನುತ್ತಾರೆ. "ಒಯ್ರಿ."