ಕೆಂಪು ವೃತ್ತಗಳನ್ನು ನಂಬದ ಮೇಡಂ

ನಮ್ಮ ಮನೆಯ ಮೊದಲ ಪದವೀಧರ ನಾನು. ನನಗೆ ಸೂಕ್ಷ್ಮದರ್ಶಕದ ಚಿತ್ರ ಓದಲು ಕಲಿಸಿದವರು ಕೋಲಾರದ ರೇಷ್ಮೆ ಪ್ರಯೋಗಾಲಯದ ಮೇಡಂ. ಕಂಪ್ಯೂಟರ್ ಏನೇ ಹೇಳಲಿ, ಕನ್ನಡಕ ಹಣೆಗೇರಿಸಿ, "ಇರಪ್ಪಾ, ನಾನೂ ನೋಡ್ತೀನಿ" ಎನ್ನುತ್ತಿದ್ದರು.

ಒಮ್ಮೆ ಹುತ್ತೂರಿನ ರೈತ ಮಹಿಳೆಯೊಬ್ಬರು ರೇಷ್ಮೆಹುಳು ತಂದರು. ಮೇಡಂ ತಾವೇ ಬರೆದ ಪ್ರೋಗ್ರಾಂ, ಹುಳು ಅರೆದು ತೆಗೆದ ಚಿತ್ರದಲ್ಲಿ ಕಂಡ ಕಣಗಳ ಸುತ್ತ ಕೆಂಪು ವೃತ್ತ ಹಾಕಿ, ಹುಳದಿಂದ ಹುಳಕ್ಕೆ ಹರಡುವ ಗಂಟುರೋಗ ಎಂದಿತು.

"ಎಲ್ಲಾ ಸುಡ್ಬೇಕಾ ಮೇಡಂ?" ಎಂದು ಆಕೆ ಕೇಳಿದರು.

"ಇರಮ್ಮಾ, ನಾನೂ ನೋಡ್ತೀನಿ." ಮೇಡಂ ಹೊಸ ಸ್ಲೈಡ್ ಮಾಡಿ ಕಣ್ಣಿಟ್ಟರು. "ರೋಗದ ಕಣಗಳಾದ್ರೆ ಮೊಟ್ಟೆ ಥರ ಉದ್ದುದ್ದ ಇರ್ತಿದ್ವು. ಇವು ದುಂಡಗಿವೆ, ಬರೀ ಕೊಬ್ಬಿನ ಹನಿ. ಹೋಗಮ್ಮಾ, ಹುಳಕ್ಕೆ ಸೊಪ್ಪು ಹಾಕು."

ಆಮೇಲೆ ಆ ಚಿತ್ರವನ್ನು ದೇಶವಿದೇಶದ ಸಂಶೋಧಕರು ಸೇರುವ ಜಾಲತಾಣಕ್ಕೆ ಹಾಕಿ, "ನನ್ನ ಪ್ರೋಗ್ರಾಂ ಇಲ್ಲಿ ತಪ್ಪಿತು, ನಿಮ್ಮದನ್ನೂ ಪರೀಕ್ಷಿಸಿ" ಎಂದು ಬರೆದರು.

"ಮಾನ ಹೋಗಲ್ವಾ ಮೇಡಂ?" ಎಂದೆ.

"ಹೋದ್ರೆ ಹೋಗ್ಲಿ ಕಣೋ. ಇನ್ಯಾರ್ದೋ ಊರಲ್ಲಿ ಹುಳ ಉಳೀಲಿ."