ಸುತ್ತಿದ್ದು ಸಾಕು

ಪಟಗಾದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಎಡಗಣ್ಣು ಮುಚ್ಚಿ, ಆ ಉದ್ದನೆಯ ಕೆಂಪು ಬಟ್ಟೆಯನ್ನು ತಲೆಗೆ ಸುತ್ತಿಕೊಳ್ಳುವಾಗ ಮುತ್ಯಾ ಯಾರ ಮಾತಿಗೂ ಉತ್ತರ ಕೊಡುತ್ತಿರಲಿಲ್ಲ. ಸುತ್ತಿ ಮುಗಿದು ಮಾತು ಶುರುವಾದರೆ ಮಾತ್ರ ನಿಲ್ಲಿಸುವವರಿರಲಿಲ್ಲ. ಅವರು ಅಕ್ಕೋಳದ ಕುರಿಗಾರರು. ಕಬ್ಬು ಕಡಿದ ಮೇಲೆ ಕಾಗವಾಡದ ನಮ್ಮ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಲು ಪ್ರತಿ ವರ್ಷ ಬರುತ್ತಿದ್ದರು. ಮನೆಯವರೆಲ್ಲ ಸ್ವಂತ ಅಜ್ಜನನ್ನು ಕರೆದಂತೆ ಮುತ್ಯಾ ಅನ್ನುತ್ತಿದ್ದರು. ಸೊಸೆಯಾಗಿ ಬಂದ ನಾನೂ ಅಂದೆ.

ಅವರ ಬಾಯಲ್ಲಿ ‘ಸುತ್ತು’ ಎಂಬ ಒಂದೇ ಮಾತು ಹತ್ತು ಆಳಿನ ಕೆಲಸ ಮಾಡುತ್ತಿತ್ತು. ಕಂಬಳಿ ಸುತ್ತಿಕೊಳ್ಳುವುದು, ಊರೂರು ಸುತ್ತುವುದು, ಬಿಸಿಲಿಗೆ ತಲೆ ಸುತ್ತುವುದು. ನಾನು ಏನನ್ನಾದರೂ ಕೇಳಲು ಹಿಂಜರಿದರೆ, “ಸುತ್ತಿ ಬಳಸಿ ಯಾಕ ಬರ್ತಿಯವಾ, ನೆಟ್ಟಗ ಬಾ” ಅನ್ನುತ್ತಿದ್ದರು. ಒಂದು ಅರ್ಥವನ್ನು ಮಾತ್ರ ದನಿ ತಗ್ಗಿಸಿ ಹೇಳುತ್ತಿದ್ದರು: ಚಕವಾ ಎಂಬ ಪೀಡೆ ಹತ್ತಿದರೆ ಮನುಷ್ಯ ಗೊತ್ತಿದ್ದ ಜಾಗದಲ್ಲೇ ದಾರಿ ತಪ್ಪಿ ಸುತ್ತುತ್ತಾನಂತೆ. “ಓಡಬಾರ್ದು. ಓಡಿದಷ್ಟು ಸುತ್ತಸ್ತೈತಿ.” ನಾನು ಮೊದಲೇ ಪುಕ್ಕಲಿ. ಅದನ್ನು ಕೇಳಿದ ಮೇಲೆ ಹಿತ್ತಲಿಗೂ ಒಬ್ಬಳೇ ಹೋಗಲಿಲ್ಲ.

ಅಂಥವಳು ಒಂದು ಮಧ್ಯಾಹ್ನ ಪಕ್ಕದವರ ಬೆಳೆದ ಕಬ್ಬಿನೊಳಗೆ ನುಗ್ಗಿದೆ. ಕುರಿಮರಿಯೊಂದು ಒಳಗೆ ಹೋಗಿತ್ತು. ಅದರ ಕೂಗು ಕೇಳಿ ನಿಲ್ಲಲಾಗಲಿಲ್ಲ. ಆಗ ನಾನು ಐದು ತಿಂಗಳ ಬಸುರಿ. ಮುತ್ಯಾ ಬೈಯುತ್ತ ಹಿಂದೆಯೇ ಬಂದರು. ಗಾಳಿಗೆ ಬಿದ್ದ ಕಬ್ಬು ಒಂದರ ಮೇಲೊಂದು ಹೆಣೆದುಕೊಂಡು ಸಾಲೇ ಕಾಣುತ್ತಿರಲಿಲ್ಲ. ಬಹಳ ಹೊತ್ತು ನಡೆದ ಮೇಲೆ ಕಾಲ ಬಳಿ ಹಸಿರು ಬಳೆಯ ಚೂರು ಕಂಡಿತು. ಆಗಲೇ ಒಡೆದಿದ್ದ ನನ್ನದೇ ಬಳೆ. ಸುತ್ತಿ ಸುತ್ತಿ ಅಲ್ಲಿಗೇ ಬಂದಿದ್ದೆವು.

ಆಮೇಲೆ ಚಟಚಟ ಸದ್ದು, ಹೊಗೆ. ನಾವು ಒಳಗಿರುವುದು ತಿಳಿಯದೆ, ಕಡಿಯುವ ಮುಂಚೆ ಗರಿ ಸುಡಲು ಹೊಲಕ್ಕೆ ಬೆಂಕಿ ಹಚ್ಚಿದ್ದರು. ಚೀರಿದರೆ ನನ್ನ ದನಿ ನನಗೇ ಕೇಳಿಸಲಿಲ್ಲ. ಹೊಟ್ಟೆ ಹಿಡಿದುಕೊಂಡು ಓಡಲು ಹೋದೆ. ಮುತ್ಯಾ ರಟ್ಟೆ ಹಿಡಿದು ಜಗ್ಗಿದರು.

“ಕೂಡ್ರ ಕೆಳಗ! ಸುತ್ತಿದ್ದು ಸಾಕು.”

ಪಟಗಾ ಬಿಚ್ಚಿ ಒಂದು ತುದಿಯನ್ನು ನನ್ನ ಮುಂಗೈಗೆ ಕಟ್ಟಿದರು, ಇನ್ನೊಂದನ್ನು ತಮ್ಮದಕ್ಕೆ. ಚಪ್ಪಲಿ ಕಳಚಿ, ಬರಿಗಾಲಲ್ಲಿ ನೀರು ಹಾಯಿಸುವ ಸಾಲನ್ನು ತಡವಿ ಹುಡುಕಿದರು. “ನೀರ ತೆಗ್ಗಿಗೇ ಹೋಗತೈತಿ. ಅದರ ಹಾದಿ ಹಿಡಿದ್ರ ಕಾಲವಿ ಸಿಗತೈತಿ. ಸಾಲ ಬಿಡಬ್ಯಾಡ.” ಮುಂದೆ ಅವರು, ಹಿಂದೆ ನಾನು, ಅಂಬೆಗಾಲಿಡುತ್ತ ಹೊರಟೆವು. ಗರಿ ಮುಖ ಕೊಯ್ಯುತ್ತಿತ್ತು. ಅವರ ಕೈ ನಡುಗುತ್ತಿದ್ದದ್ದು ಬಟ್ಟೆಯ ಮೂಲಕ ನನ್ನ ಕೈಗೆ ತಿಳಿಯುತ್ತಿತ್ತು. ಮುತ್ಯಾನೇ ಹೆದರಿದ್ದಾರೆ ಅನ್ನುವುದು ಬೆಂಕಿಗಿಂತ ಹೆಚ್ಚು ಹೆದರಿಸಿತು. ಆದರೂ ಆ ಕೈ ಜಗ್ಗುವುದನ್ನು ಬಿಡಲಿಲ್ಲ.

ಕಾಲುವೆಯ ಕೆಸರಿಗೆ ಬಿದ್ದಾಗ ಕುರಿಮರಿ ಬದುವಿನ ಮೇಲೆ ಹಾಯಾಗಿ ಮೇಯುತ್ತಿತ್ತು.

“ನಿಮಗ ಅಂಜಿಕಿ ಆಗಲಿಲ್ಲೇನ್ರಿ ಮುತ್ಯಾ?” ಎಂದು ಆಮೇಲೆ ಕೇಳಿದೆ.

“ಅಂಜಿಕಿ? ನನ್ನ ಕಾಲು ಇನ್ನೂ ನನ್ನ ಮಾತ ಕೇಳವಲ್ವು, ಯವ್ವಾ.”

ಇಂದಿಗೂ ಗರಿ ಸುಟ್ಟ ವಾಸನೆ ಬಂದರೆ ಮಗಳು ಎಲ್ಲಿದ್ದಾಳೆಂದು ಮೊದಲು ನೋಡುತ್ತೇನೆ.

ಹೋದ ಮಳೆಗಾಲದಲ್ಲಿ ಮುತ್ಯಾ ತೀರಿಕೊಂಡರು. ಮಗಳನ್ನು ಕರೆದುಕೊಂಡು ಅಕ್ಕೋಳಕ್ಕೆ ಹೋದೆ. ಮಣ್ಣು ಕೊಡುವಾಗ ಅವಳು ನನ್ನ ಸೆರಗು ಜಗ್ಗಿ, “ಇವರು ನಮಗ ಏನಾಗಬೇಕವ್ವಾ?” ಅಂದಳು.

“ನೀ ಹುಟ್ಟೂಕಿಂತ ಮೊದಲ ನಿನ್ನ ಕೈಹಿಡಿದ ನಡಿಸ್ಯಾರ” ಅಂದೆ.

ಅವಳಿಗೆ ಏನು ತಿಳಿಯಿತೋ, ಒಂದು ಹಿಡಿ ಮಣ್ಣು ಹಾಕಿದಳು. ನಾನೂ ಮಣ್ಣು ಹಿಡಿದು ಕೈ ಚಾಚಿದೆ. ಎಷ್ಟು ಹೊತ್ತಾದರೂ ಮುಷ್ಟಿ ಬಿಚ್ಚಲು ನನ್ನಿಂದ ಆಗಲಿಲ್ಲ.