ಅವನಿಗೆ ಮುಟ್ಟದ ಕಂಬಳಿ

ಬೀರೇಶನಿಗೆಂದು ಅವನ ತಾಯಿ ನನ್ನ ಕೈಗೆ ಕೊಟ್ಟು ಕಳಿಸಿದ ಕಂಬಳಿಯನ್ನು ನಾನು ಅವನಿಗೆ ಕೊಡಲಿಲ್ಲ. ನಾನೇ ಹೊದ್ದುಕೊಂಡೆ. ಅವನು ಸತ್ತ ಮೇಲೆ ಆ ತಾಯಿಯ ಎದುರು ನಿಂತು, ನಿನ್ನ ಮಗ ಅದನ್ನು ಹೊದ್ದುಕೊಂಡೇ ಇದ್ದ ಎಂದೆ. ಇಪ್ಪತ್ತು ವರ್ಷಕ್ಕೂ ಮೀರಿ ಆ ಸುಳ್ಳನ್ನು ಕಟ್ಟಿಕೊಂಡೇ ಬದುಕಿದೆ. ಇಷ್ಟು ಹೇಳಿಬಿಟ್ಟರೆ ಮುಗಿಯಿತು ಅಂದುಕೊಂಡಿದ್ದೆ — ಮುಗಿಯುವುದಿಲ್ಲ ಅಂತ ಈಗ ಗೊತ್ತಾಗುತ್ತಿದೆ.

ನಾನು ಶಿವಣ್ಣ, ಶಿರಾದ ಕಳ್ಳಂಬೆಳ್ಳದ ಕಡೆಯವನು. ಸೈನ್ಯದಿಂದ ನಿವೃತ್ತನಾಗಿ ಈಗ ಪಾವಗಡದ ಕ್ಯಾತಗಾನಚೆರ್ಲುವಿನಲ್ಲಿದ್ದೇನೆ. ಅದು ನನ್ನ ಹೆಂಡತಿಯ ಊರು. ಸೋಲಾರ್ ಫಲಕಗಳ ಬೇಲಿಯ ಪಕ್ಕ ಕಾವಲು ಕೂರುವುದು ನನ್ನ ಕೆಲಸ. ಎಡಗಾಲು ಸ್ವಲ್ಪ ಕುಂಟು. ಊರವರು ಮಿಲಿಟ್ರಿ ಅಣ್ಣ ಅನ್ನುತ್ತಾರೆ, ಸ್ವಾತಂತ್ರ್ಯ ದಿನಕ್ಕೆ ಕರೆದು ಹಾರ ಹಾಕುತ್ತಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ಇದೆಯಲ್ಲ, ಹಾರ ಬಿದ್ದಾಗಲೆಲ್ಲ ನನ್ನ ಸ್ಥಿತಿ ಅದೇ. ಹೆಗಲ ಮೇಲೆ ಹೂವಿಗಿಂತ ಭಾರವಾದ ಇನ್ನೇನೋ ಇದೆ ಅನಿಸುತ್ತದೆ, ಆದರೂ ಹಲ್ಲು ಬಿಟ್ಟುಕೊಂಡು ಫೋಟೋಗೆ ನಿಲ್ಲುತ್ತೇನೆ.

ಬೀರೇಶ ಮದಲೂರಿನವನು, ಕುರಿ ಸಾಕುವ ಮನೆಯ ಮಗ. ಅವನ ತಾಯಿ ಕೆಂಚಮ್ಮ ಉಣ್ಣೆ ನೂಲುತ್ತಿದ್ದಳು, ತಂದೆ ಮಗ್ಗದಲ್ಲಿ ಕೂತು ಕಂಬಳಿ ನೇಯುತ್ತಿದ್ದ. ನಾವಿಬ್ಬರೂ ಒಂದೇ ಭರ್ತಿಯಲ್ಲಿ ಸೇರಿದವರು. ತುಕಡಿಯಲ್ಲಿ ಶಿರಾ ಸೀಮೆಯವರು ನಾವಿಬ್ಬರೇ ಆದ್ದರಿಂದ, ಬಾಯಿ ತುಂಬ ನಮ್ಮ ಮಾತಾಡಬೇಕೆಂದರೆ ಅವನಿಗೆ ನಾನು, ನನಗೆ ಅವನು. ಮೆಸ್ಸಿನ ಊಟಕ್ಕೆ ನಾನು ಮುಖ ಸಿಂಡರಿಸಿದರೆ, ಕಂಬಳೀಲಿ ಕೂತು ಉಣ್ಣೋನು ಕೂದಲು ಬಂತು ಅಂದಂಗಾಯ್ತು ಕಣ್ಲಾ, ಎಂದು ರೇಗಿಸುತ್ತಿದ್ದ. ಮಾತು ಕಡಿಮೆ, ನಗು ಜಾಸ್ತಿ. ಯಾರ ಮೂಟೆ ಭಾರವಾಗಿದ್ದರೂ ಕೇಳದೆ ಒಂದು ತುದಿ ಎತ್ತಿಕೊಳ್ಳುವ ಜಾತಿ. ನನಗೆ ಅವನು ಒಡಹುಟ್ಟಿದವನಿಗಿಂತ ಹೆಚ್ಚು — ಹೀಗೆ ಬರೆಯುವುದಕ್ಕೂ ನನಗೆ ಯೋಗ್ಯತೆ ಇದೆಯೋ ಇಲ್ಲವೋ.

ಆ ಬೇಸಿಗೆಯಲ್ಲಿ ನಾನು ರಜೆಯ ಮೇಲೆ ಊರಿಗೆ ಬಂದಿದ್ದೆ. ಉತ್ತರದ ಹಿಮದ ಬೆಟ್ಟಗಳ ಮೇಲೆ ಶತ್ರು ಬಂದು ಕೂತಿದ್ದಾನೆ ಅನ್ನುವ ಸುದ್ದಿ ಬಂತು. ಹಿಂದೆಯೇ ರಜೆ ರದ್ದಾಗಿ ಕೂಡಲೇ ಹೊರಡಬೇಕೆಂಬ ಕರೆಯೂ ಬಂತು. ಹೊರಡುವ ಮುಂಚೆ ಮದಲೂರಿಗೆ ಹೋದೆ. ಕೆಂಚಮ್ಮ ಆಗತಾನೇ ಮಗ್ಗದಿಂದ ಇಳಿಸಿದ ಕರೀ ಕಂಬಳಿಯನ್ನು ಬೀರಪ್ಪನ ಗುಡಿಯಲ್ಲಿಟ್ಟು, ಭಂಡಾರ ಎರಚಿ, ಮಡಿಸಿ ತಂದಳು. ಅರಿಶಿನದ ಪುಡಿಯನ್ನೇ ಅವರು ಭಂಡಾರ ಅನ್ನುವುದು. ಅವರ ಮನೆಯಲ್ಲಿ ಒಂದು ನೇಮವಿದೆ: ಹೊಸ ಕಂಬಳಿಯನ್ನು ಯಾರ ಹೆಸರು ಹೇಳಿ ನೇಯ್ದರೋ ಅವರೇ ಅದರ ಮಡಿಕೆ ಬಿಚ್ಚಬೇಕು, ಅವರ ಮೈಯನ್ನೇ ಅದು ಮೊದಲು ಮುಟ್ಟಬೇಕು. ಆಗ ದೇವರ ಕೈ ಅವರ ಮೇಲಿರುತ್ತದೆ ಎಂದು ನಂಬಿಕೆ.

“ಅವ್ನೇ ಬಿಚ್ಲಿ ಕಣಪ್ಪ ಶಿವಣ್ಣ,” ಎಂದಳು. “ಬ್ಯಾರೆ ಯಾರ್ ಮೈಗೂ ಸೋಕ್ಬಾರ್ದು.”

ಆಯ್ತವ್ವ ಎಂದೆ. ಮಾತು ಕೊಡುವಾಗ ನನ್ನ ಮನಸ್ಸಿನಲ್ಲಿ ಕಳ್ಳತನ ಇರಲಿಲ್ಲ. ಅದನ್ನು ಇಲ್ಲಿ ಹೇಳುವುದು ಸಮರ್ಥನೆಗಲ್ಲ. ಕಳ್ಳತನ ಮನಸ್ಸಿನಲ್ಲಿ ಇಲ್ಲದವನೂ ಕಳ್ಳನಾಗುತ್ತಾನೆ ಅಂತ ನನಗೆ ನಾನೇ ಜ್ಞಾಪಿಸಿಕೊಳ್ಳುವುದಕ್ಕೆ.

ರೈಲಿನಲ್ಲಿ ಅದನ್ನು ಬಿಚ್ಚಲಿಲ್ಲ. ರೈಲು ಇಳಿದು ಲಾರಿ ಹತ್ತಿ ಘಾಟಿ ಏರುವಾಗ ಚಳಿ ಶುರುವಾಯಿತು. ನಮ್ಮ ಸೀಮೆಯವರಿಗೆ ಚಳಿ ಅಂದರೆ ಸಂಕ್ರಾಂತಿಯ ಬೆಳಗಿನ ನಡುಕ, ಅಷ್ಟೇ. ಅಲ್ಲಿಯದು ಹಾಗಲ್ಲ, ಎಷ್ಟು ಹೊದ್ದರೂ ಒಳಗೆ ನುಗ್ಗುವಂಥದ್ದು. ಹಲ್ಲು ಕಟಕಟ ಅನ್ನುತ್ತಿತ್ತು. ಸ್ವಲ್ಪ ಹೊತ್ತು ಅಂತ ಬಿಚ್ಚಿದೆ. ಮಡಿಕೆಯಲ್ಲಿದ್ದ ಭಂಡಾರ ತೊಡೆಯ ಮೇಲೆಲ್ಲ ಚೆಲ್ಲಿತು, ಕೈ ಹಳದಿಯಾಯಿತು. ಪಕ್ಕದಲ್ಲಿದ್ದವನು ಇದೇನು ಎಂದು ಹಿಂದಿಯಲ್ಲಿ ಕೇಳಿದ. ದೇವರ ಪ್ರಸಾದ ಎಂದು ಹೇಳಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ.

ಬೀರೇಶ ನನಗಿಂತ ಮುಂಚೆಯೇ ಮೇಲಿನ ನೆಲೆಗೆ ಹೋಗಿದ್ದ. ನಾವು ಕೆಲವರು ಗುಂಡುಗಳ ಪೆಟ್ಟಿಗೆ ಹೊತ್ತು ಹಿಂದಿನಿಂದ ಹತ್ತಿದೆವು. ಸ್ವಂತದ ಸಾಮಾನು ಕೆಳಗೇ ಬಿಡಿ ಎಂದಿದ್ದರು. ನಾನು ಕಂಬಳಿಯನ್ನು ಬಿಡಲಿಲ್ಲ. ಕೋಟಿನ ಒಳಗೆ ಹೊಟ್ಟೆಗೂ ಎದೆಗೂ ಸುತ್ತಿಕೊಂಡೆ. ಅವನಿಗೆ ತಲುಪಿಸುವುದಕ್ಕೇ ಹೀಗೆ ತರುತ್ತಿದ್ದೇನೆ ಅಂತ ಮನಸ್ಸಿಗೆ ಹೇಳಿಕೊಂಡೇ ಹತ್ತಿದೆ.

ಸಂಜೆ ಬಿಸಿಲು ಬೆಟ್ಟದ ತುದಿಯಿಂದ ಇಳಿಯುವ ಹೊತ್ತಿಗೆ ಅವನು ಸಿಕ್ಕಿದ. ಒಂದು ಬಂಡೆಯ ಮರೆಯಲ್ಲಿ ಮೊಣಕಾಲು ತಬ್ಬಿ ಕೂತಿದ್ದ. ತುಟಿ ಒಡೆದು ಮುಖ ಸುಟ್ಟಂತಾಗಿತ್ತು, ಕೈಬೆರಳು ಸರಿಯಾಗಿ ಮಡಚಲಾಗುತ್ತಿರಲಿಲ್ಲ. ನನ್ನನ್ನು ಕಂಡು ಅವನು ನಕ್ಕ ನಗುವನ್ನು ನಾನು ಯಾರಿಗೂ ಹೇಗೆ ತೋರಿಸಲಿ. ಕುರಿ ಹೇಗಿವೆ, ಅಪ್ಪನ ಕೆಮ್ಮು ಹೇಗಿದೆ, ಮದಲೂರು ಕೆರೆಗೆ ನೀರು ಬಂತೇ — ಒಂದರ ಹಿಂದೆ ಒಂದು ಕೇಳಿದ, ನಾನು ಕಂಡದ್ದನ್ನೆಲ್ಲ ಹೇಳಿದೆ. ಕೊನೆಗೆ ಕೇಳಿದ್ದು ಇದು:

“ಅವ್ವ ಏನಾರ ಕಳ್ಸವ್ಳೇನ್ಲಾ?”

ಕಂಬಳಿ ನನ್ನ ಹೊಟ್ಟೆಗೆ ಬೆಚ್ಚಗೆ ಅಂಟಿಕೊಂಡಿತ್ತು. ಕೋಟಿನ ಗುಂಡಿ ಬಿಚ್ಚಿದ್ದರೆ ಸಾಕಿತ್ತು.

“ಏನೂ ಇಲ್ಲ ಕಣ್ಲಾ,” ಎಂದೆ. “ಅರ್ಜೆಂಟಲ್ಲಿ ಬಂದ್ಬುಟ್ಟೆ. ನಿಮ್ಮೂರ್ ಕಡೀಕೆ ಹೋಗಕ್ಕೇ ಆಗ್ಲಿಲ್ಲ.”

ಊರಿಗೇ ಹೋಗದವನು ಈಗಷ್ಟೇ ಕುರಿಯ ವಿಷಯ, ಅಪ್ಪನ ಕೆಮ್ಮಿನ ವಿಷಯ ಎಲ್ಲ ಹೇಳಿದ್ದೆನಲ್ಲ — ಅವನಿಗೆ ಅನುಮಾನ ಬಂದಿರಬೇಕು. ಒಂದು ಗಳಿಗೆ ನನ್ನ ಮುಖ ನೋಡಿದ. ಜೇಬಿನಿಂದ ಬೆಲ್ಲದ ಚೂರು ತೆಗೆದು ಕಚ್ಚಿ, ದೊಡ್ಡ ಅರ್ಧವನ್ನು ನನಗೆ ಕೊಟ್ಟ. ನಾನು ತಿಂದೆ.

ಯಾಕೆ ಹಾಗೆಂದೆ? ಎಷ್ಟೋ ವರ್ಷ ನನಗೆ ನಾನೇ ಒಂದು ಕಾರಣ ಹೇಳಿಕೊಂಡೆ: ಮಡಿಕೆ ಬಿಚ್ಚಿ ಭಂಡಾರ ಚೆಲ್ಲಿಬಿಟ್ಟಿದ್ದೇನೆ, ಎಂಜಲಾದ ಕಂಬಳಿಯನ್ನು ಅವನಿಗೆ ಕೊಟ್ಟರೆ ಕೇಡು, ನೇಮ ಕೆಟ್ಟದ್ದು ಗೊತ್ತಾದರೆ ಅವನು ನೊಂದುಕೊಳ್ಳುತ್ತಾನೆ ಅಂತ. ಎಷ್ಟು ಚೆನ್ನಾಗಿದೆ ನೋಡಿ ಕಾರಣ! ದೇವರನ್ನೇ ನನ್ನ ಕಳ್ಳತನಕ್ಕೆ ಕಾವಲು ಕೂರಿಸಿದ್ದೆ. ನಿಜ ಅಷ್ಟೇನೂ ದೊಡ್ಡದಲ್ಲ. ನನಗೆ ಚಳಿಯಾಗುತ್ತಿತ್ತು, ಭಯವೂ ಆಗುತ್ತಿತ್ತು. ಬಿಚ್ಚಿಕೊಡುವುದಕ್ಕೆ ಮನಸ್ಸು ಬರಲಿಲ್ಲ.

ಮಾರನೆಯ ಬೆಳಗ್ಗೆ ಮಂಜು ಮುಸುಕಿರುವಾಗಲೇ ಮೇಲಿದ್ದ ಶತ್ರುವಿನ ಬಂಕರಿನತ್ತ ಹತ್ತಿದೆವು. ಮಂಜು ಸರಿಯಿತು, ಮೆಷಿನ್ ಗನ್ ಶುರುವಾಯಿತು. ಮರೆಯಿಲ್ಲದ ಇಳಿಜಾರು, ಹಿಮ ಬಿದ್ದ ಜಾರು ನೆಲ. ನನ್ನ ಎಡತೊಡೆಗೆ ಗುಂಡು ಬಿತ್ತು. ಬಿದ್ದವನು ಬಿದ್ದಲ್ಲೇ ಇದ್ದೆ. ಬೀರೇಶ ಬಂಡೆಯ ಮರೆ ತಲುಪಿಯಾಗಿತ್ತು. ಅಲ್ಲೇ ಇದ್ದಿದ್ದರೆ ಬದುಕುತ್ತಿದ್ದ. ಅವನು ಅಲ್ಲಿ ನಿಲ್ಲಲಿಲ್ಲ. ತೆವಳಿಕೊಂಡು ಬಂದು ಮೊದಲು ನನಗಿಂತ ಕೆಳಗೆ ಬಿದ್ದಿದ್ದ ಒಬ್ಬನನ್ನು ಎಳೆದೊಯ್ದ. ಮತ್ತೆ ಬಂದ, ನನ್ನ ಹತ್ತಿರಕ್ಕೆ.

ಗಾಯ ನೋಡಲು ಕೋಟಿನ ಗುಂಡಿ ಕಿತ್ತ. ಕಂಬಳಿ ಕಂಡಿತು.

ಅವನ ಕೈ ನಿಂತಿತು. ಅಪ್ಪ ಕಟ್ಟಿದ ಅಂಚನ್ನು ಮಗನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೊಸ ಕಂಬಳಿಗೆ ಹಾಕುವ ಹುಣಸೆಬೀಜದ ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ, ಎಳೆಗಳ ನಡುವೆ ಅಲ್ಲಲ್ಲಿ ಹಳದಿ ಉಳಿದಿತ್ತು. ಅವನು ಬೈಯಲಿ, ಉಗಿಯಲಿ, ಬಿಟ್ಟು ಹೋಗಲಿ ಅಂತ ಕಾದೆ.

“ಅವ್ವುಂದು,” ಎಂದ. ಅಷ್ಟೇ. ಆಮೇಲೆ, “ಗಟ್ಟಿಯಾಗಿ ಹಿಡ್ಕಳ್ಲಾ, ಎಳೀತೀನಿ.”

ಕಾಲು ಮುರಿದ ಕುರಿಯನ್ನು ಕುರುಬರು ಕಂಬಳಿಯ ಮೇಲೆ ಉರುಳಿಸಿ, ಎರಡು ತುದಿ ಹಿಡಿದು ಹಿಂದಕ್ಕೆ ಎಳೆದುಕೊಂಡು ಬರುತ್ತಾರೆ. ನನ್ನನ್ನೂ ಹಾಗೆಯೇ, ಆ ಕಂಬಳಿಯನ್ನು ಮೈಯಿಂದ ಬಿಡಿಸಿ ಹಾಸಿ, ಅದರ ಮೇಲೆ ಉರುಳಿಸಿಕೊಂಡ. ಹಿಮದ ಮೇಲೆ ಎಳೆಯುತ್ತ, ಕುರಿಗೆ ಮಾಡುವಂತೆ ನಾಲಿಗೆಯಲ್ಲಿ ಟ್ರೂ ಟ್ರೂ ಎಂದು ಸದ್ದು ಮಾಡುತ್ತಿದ್ದ — ನನ್ನನ್ನು ಸಮಾಧಾನ ಮಾಡುವುದಕ್ಕೋ, ತನಗೇ ಧೈರ್ಯಕ್ಕೋ. ಬಂಡೆಯ ಹಿಂದೆ ತಂದು, ಕಂಬಳಿಯ ಎರಡು ಕಡೆಯನ್ನೂ ನನ್ನ ಮೈಮೇಲೆ ಮಡಿಸಿ, ತೊಡೆಯ ಹತ್ತಿರ ಬಿಗಿದು ಒತ್ತಿದ. ಮೇಲೆ ಇನ್ನೊಬ್ಬ ನರಳುತ್ತಿದ್ದ. ಬೀರೇಶ ಮೂರನೆಯ ಸಲ ಹೋದ. ಅವನನ್ನೂ ತಂದ, ಬಂಡೆಯ ಮರೆಗೆ ಅವನನ್ನು ತಳ್ಳಿದ ಮೇಲೆ ತಾನು ಒಳಗೆ ಬರುವಷ್ಟರಲ್ಲಿ ಗುಂಡು ಬಿತ್ತು. ನಾನು ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿ ಬಿದ್ದಿದ್ದ. ಮೈಮೇಲೆ ಏನೂ ಹೊದಿಕೆ ಇರಲಿಲ್ಲ, ಹೊದಿಕೆ ನನ್ನ ಮೈಮೇಲಿತ್ತು.

ಅವನು ಉಳಿಸಿದ ಮೂವರೂ ಇವತ್ತಿಗೂ ಬದುಕಿದ್ದೇವೆ. ಇಬ್ಬರು ಅದಕ್ಕೆ ಯೋಗ್ಯರು.

ಅವನ ಪೆಟ್ಟಿಗೆ ಬಾವುಟ ಹೊದ್ದು ಮದಲೂರಿಗೆ ಬಂದಾಗ ನಾನು ಆಸ್ಪತ್ರೆಯಲ್ಲಿದ್ದೆ. ಊರುಗೋಲು ಹಿಡಿದು ನಾನು ಆ ಮನೆಯ ಬಾಗಿಲಿಗೆ ಹೋಗುವಾಗ ಎಷ್ಟೋ ತಿಂಗಳಾಗಿತ್ತು. ಕೆಂಚಮ್ಮ ಅತ್ತು ಮುಗಿಸಿದ್ದಳು. ಹೇಗೆ ಸತ್ತ ಎಂದು ಕೇಳಲಿಲ್ಲ. “ಕಂಬ್ಳಿ ಹೊದ್ಕೊಂಡಿದ್ನಾ ನನ್ ಮಗ?” ಅಂದಳು.

“ಹೂಂ ಅವ್ವ. ಹೊದ್ಕೊಂಡೇ ಇದ್ದ.”

ಅವಳ ಮುಖ ಸಡಿಲವಾಯಿತು. ಅಷ್ಟು ದೂರದ ಚಳಿಯಲ್ಲಿ ಸತ್ತರೂ ಮಗ ಮನೆಯ ಉಣ್ಣೆಯಲ್ಲಿ ಬೆಚ್ಚಗೆ ಹೋದ ಅನ್ನುವುದು ಅವಳಿಗೆ ಸಾಕಾಗಿತ್ತು. ಸುಳ್ಳೊಂದು ಹೀಗೆ ಗಾಯಕ್ಕೆ ಮದ್ದಾಗುವುದನ್ನು ನೋಡಿ ನಾನು ಪುಣ್ಯದ ಕೆಲಸ ಮಾಡಿದೆ ಅಂದುಕೊಂಡೆ. ಅವಳು ಅದನ್ನು ಊರಿಗೆಲ್ಲ ಹೇಳಿದಳು. ಕೆರೆ ಏರಿಯ ಹತ್ತಿರ ಬೀರೇಶನ ಕಲ್ಲು ನಿಂತಿತು. ವರ್ಷಕ್ಕೊಮ್ಮೆ ಅವನ ದಿನದಂದು ಆ ಕಲ್ಲಿಗೆ ಹೊಸ ಕರೀ ಕಂಬಳಿ ಹೊದಿಸುವುದು ಪದ್ಧತಿಯಾಯಿತು. ಅದಕ್ಕೆ ಉಣ್ಣೆ ನೂಲುವವಳು ಕೆಂಚಮ್ಮ. ಹೊದಿಸುವವನು — ಕಂಬಳಿ ಮುಟ್ಟಿಸಿದವನು ಅಂತ — ನಾನು. ಸೈನ್ಯಕ್ಕೆ ಹೊರಡುವ ಹೊಸ ಹುಡುಗರು ಕಲ್ಲಿಗೆ ಕೈಮುಗಿದು ಅದೇ ಕಥೆ ಹೇಳುತ್ತಾರೆ. ಗುಂಡಿನ ನಡುವೆ ಮೂರು ಸಲ ಹೋದದ್ದು ಯಾರ ಬಾಯಲ್ಲೂ ಅಷ್ಟಾಗಿ ಇಲ್ಲ, ಕಂಬಳಿಯದ್ದೇ ಮಾತು. ಅವನ ಧೈರ್ಯದ ಮೇಲೂ ನನ್ನ ಸುಳ್ಳನ್ನು ಹೊದಿಸಿಬಿಟ್ಟೆ.

ನಿಜವಾದ ಕಂಬಳಿ ನನ್ನ ಟ್ರಂಕಿನಲ್ಲಿತ್ತು. ವರ್ಷವರ್ಷವೂ ಹೆಂಡತಿ ಅದನ್ನು ಬಿಸಿಲಿಗೆ ಹಾಕಿ, ಬೇವಿನ ಸೊಪ್ಪಿಟ್ಟು ಮಡಿಸುತ್ತಾಳೆ. ಒಗೆಯಲು ನಾನು ಬಿಟ್ಟಿಲ್ಲ. ಒಂದು ಸಲ ಅವಳ ತೆಲುಗು ಬೆರೆತ ಮಾತಿನಲ್ಲಿ, “ಇದು ನಿಂದು ಕಾದು ಕದಾ?” ಎಂದಳು, ನಿನ್ನದಲ್ಲ ತಾನೇ ಎಂದು. ನಾನು ರೇಗಿದೆ. ಮತ್ತೆ ಅವಳು ಕೇಳಲಿಲ್ಲ.

ಈ ವರ್ಷವೂ ಹೋದೆ. ಕೆಂಚಮ್ಮನಿಗೆ ಈಗ ಕಣ್ಣು ಕಾಣುವುದಿಲ್ಲ, ತಡವಿಕೊಂಡೇ ಎಲ್ಲ. ಕಲ್ಲಿಗೆ ಹೊದಿಸಿ ಮನೆಗೆ ಬಂದ ಮೇಲೆ ಅವಳು ಮಡಿಸಿದ ಇನ್ನೊಂದು ಕಂಬಳಿ ತೆಗೆದಳು. ಭಂಡಾರ ಹಾಕಿತ್ತು.

“ಇದು ನಿನ್ ಹೆಸ್ರಿಗೆ ನೂತಿದ್ದು, ಮಗ. ನನ್ ಕೈಯಿಂದ ಕಡೇದು,” ಎಂದಳು. “ಅವತ್ತು ನೀನು ಮುಟ್ಟಿಸ್ದೆ. ಬಿಚ್ಚು.”

ಬಿಚ್ಚಲಿಲ್ಲ. ಇದನ್ನೂ ಬಿಚ್ಚಿದರೆ ಇನ್ನು ನಾನು ಯಾವತ್ತೂ ಹೇಳಲಾರೆ ಎಂದು ಗೊತ್ತಿತ್ತು. ಮಣ್ಣಿನ ನೆಲದ ಮೇಲೆ ಅವಳ ಎದುರು ಕೂತು ಎಲ್ಲವನ್ನೂ ಹೇಳಿದೆ. ಲಾರಿಯಲ್ಲಿ ಬಿಚ್ಚಿದ್ದು, ಅವನು ಕೇಳಿದ್ದು, ನಾನಂದದ್ದು, ಬೆಲ್ಲ ತಿಂದದ್ದು, ಅದೇ ಕಂಬಳಿಯ ಮೇಲೆ ಅವನು ನನ್ನನ್ನು ಎಳೆದು ತಂದದ್ದು. ಮುಗಿದ ಮೇಲೆ, ಆ ಕಂಬ್ಳಿ ಐತಾ ಎಂದು ಕೇಳಿದಳು. ಇದೆ ಎಂದೆ. ತಗಂಬಾ ಎಂದಳು. ನನ್ನ ಹೆಸರಿನದನ್ನು ಅವಳ ಪಕ್ಕದಲ್ಲೇ ಬಿಟ್ಟು ಪಾವಗಡದ ಬಸ್ಸು ಹತ್ತಿದೆ.

ಮರುದಿನ ತಂದು ಅವಳ ಮಡಿಲಲ್ಲಿಟ್ಟೆ. ಅವಳು ಮೂಸಿದಳು. ಅಂಚಿನ ಮೇಲೆ ಬೆರಳಾಡಿಸಿ, ತೀರಿಹೋದ ಗಂಡನ ಕೈಗೆಲಸ ಗುರುತು ಹಿಡಿದು ತಲೆಯಾಡಿಸಿದಳು. ಬೆರಳು ಹಾಗೇ ಸರಿದು, ಗಟ್ಟಿಯಾಗಿ ಒಣಗಿ ಕೂತ ಕಲೆಯ ಮೇಲೆ ನಿಂತಿತು. ಮುಖ ಬಗ್ಗಿಸಿ ಅದಕ್ಕೆ ಕೆನ್ನೆ ತಾಗಿಸಿದಳು.

“ನನ್ ಮಗುನ್ ನೆತ್ರಾ?”

ಹೂಂ ಅನ್ನಬಹುದಿತ್ತು. ಒಂದೇ ಅಕ್ಷರ. ನಾಲಿಗೆಯ ತುದಿಗೆ ಬಂದೇ ಬಂತು.

“ಅಲ್ಲ ಅವ್ವ,” ಎಂದೆ. “ನಂದು.”

ಅವಳು ಕೆನ್ನೆ ತೆಗೆದಳು. ಹೊರಗೆ ಕುರಿಗಳನ್ನು ಹೊಡೆದುಕೊಂಡು ಹೋಗುವ ಸದ್ದು ಬಂದು ಹೋಯಿತು. ಆಮೇಲೆ ಕೇಳಿದಳು, ಅವನು ಎಲ್ಲಿ ಹಿಡಿದು ಎಳೆದ ಎಂದು.

ನಾನು ಕಂಬಳಿಯ ಎರಡು ತುದಿ ಹುಡುಕಿ ಅವಳ ಕೈಗೆ ಕೊಟ್ಟೆ. ಅವುಗಳನ್ನು ಮುಷ್ಟಿಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಳು. ಉಳಿದ ಕಂಬಳಿ ಮಡಿಲಿಂದ ಜಾರಿ ನೆಲಕ್ಕೆ ಬಿತ್ತು. ಅದನ್ನು ಅವಳು ಎತ್ತಿಕೊಳ್ಳಲಿಲ್ಲ.